ಗುಂಯ್ ಸದ್ದಿನ ಬೇಸಿಗೆ

ಏಪ್ರಿಲ್ 21, 1974. ರವಿವಾರ

ಮೀರಜದ ಆಸ್ಪತ್ರೆಯಿಂದ ಬಂದು ತಿಂಗಳ ಮೇಲಾಯಿತು. ಹೆಂಡತಿ ಹಸೀನಾಳ ಕುತ್ತಿಗೆಯ ಗಾಯ ಮಾಗಿದೆ. ಧ್ವನಿ ಮಾತ್ರ ಬಂದಿಲ್ಲ. ಗಂಟಲ ಗಡ್ಡೆ ನರಕ್ಕೆ ಹತ್ತಿಕೊಂಡಿದೆ, ತೆಗೆದರೆ ಜೀವ ಉಳಿಯುತ್ತದೆ, ಧ್ವನಿಯ ಭರವಸೆ ಕೊಡಲಾರೆವು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರು ಹೇಳಿದ ಹಾಗೆಯೇ ಆಯಿತು. ಈಗ ಅವಳ ಬಾಯಿಂದ ಬರುವುದು ಬರಿಯ ಉಸಿರು. ಒಣಗಿದ ಜೋಳದ ಎಲೆಯ ಮೇಲೆ ಯಾರೋ ಮೆಲ್ಲಗೆ ನಡೆದಂತೆ ಕೇಳಿಸುತ್ತದೆ.

ನನಗೆ ಒಂದಕ್ಷರ ತಿಳಿಯುವುದಿಲ್ಲ. "ಏನು?" ಅನ್ನುತ್ತೇನೆ. ಮತ್ತೆ ಹೇಳುತ್ತಾಳೆ. ಮತ್ತೆ "ಏನು?" ಅನ್ನುತ್ತೇನೆ. ಕೊನೆಗೆ ಶಾಲೆಯ ಪಾಟಿಯನ್ನು ಎತ್ತಿಕೊಂಡು ಬಳಪದಿಂದ ಬರೆಯುತ್ತಾಳೆ. ಇವತ್ತು ಊಟದ ಹೊತ್ತಿಗೆ ಅಷ್ಟೆಲ್ಲ ಆದಮೇಲೆ ಪಾಟಿಯ ಮೇಲೆ ಬಂದ ಮಾತು: "ಉಪ್ಪು ಹೆಚ್ಚಾಗೇತೇನ್ರಿ?"

ನಾನು ಕೋರ್ಟಿನ ಟೈಪಿಸ್ಟ್. ಕಟಕಟೆಯಲ್ಲಿ ನಿಂತು ಜನ ಕೆಮ್ಮುತ್ತ ಹೇಳಿದ್ದು, ಅಳುತ್ತ ಹೇಳಿದ್ದು, ತಂಬಾಕು ದವಡೆಗೆ ಇಟ್ಟುಕೊಂಡು ಹೇಳಿದ್ದು, ಎಲ್ಲವನ್ನೂ ಒಂದು ಸಲ ಕೇಳಿ ಟೈಪು ಮಾಡಿದ್ದೇನೆ. ನನ್ನ ಕಿವಿಯ ಬಗ್ಗೆ ಜಜ್ಜರೇ ಹೊಗಳಿದ್ದುಂಟು. ಮನೆಯಲ್ಲಿ ಮಾತ್ರ ಈ ಕಿವಿ ಕೆಲಸಕ್ಕೆ ಬಾರದು.

ಅದಕ್ಕಿಂತ ಸಿಟ್ಟು ಬರುವುದು ಅಮ್ಮನನ್ನು ನೋಡಿದರೆ. ಅಮ್ಮನಿಗೆ ಕಿವಿ ಮಂದವಾಗಿ ಎಷ್ಟೋ ವರ್ಷವಾಯಿತು. ನಾನು ಹೊಲದಲ್ಲಿ ನಿಂತು ಕೂಗಿದ ಹಾಗೆ ಕೂಗಬೇಕು. ಆದರೆ ಅವಳೂ ಹಸೀನಾಳೂ ಒಲೆಯ ಮುಂದೆ ಕೂತು ತಾಸುಗಟ್ಟಲೆ ಮಾತಾಡುತ್ತಾರೆ. ನಡುನಡುವೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಕಿವಿ ಕೇಳದವಳಿಗೆ ಅದೇನು ಕೇಳುತ್ತದೋ!

ಏಪ್ರಿಲ್ 27. ಶನಿವಾರ

ಹಸೀನಾ ಪಾಠ ಮಾಡುವ ಟಿಕೋಟಾದ ಹೆಣ್ಣುಮಕ್ಕಳ ಶಾಲೆಯಿಂದ ಹೆಡ್‌ಬಾಯಿ ಶಂಕ್ರೆವ್ವನವರು ನೋಡಲು ಬಂದಿದ್ದರು. ಬಾಳೆಹಣ್ಣು ತಂದಿದ್ದರು. ಚಹಾ ಬರುವ ತನಕ ಬಿಸಿಲಿನ ಮಾತು, ಬಸ್ಸಿನ ಮಾತು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಹೆಂಗ ಹೇಳ್ಬೇಕೊ ತಿಳೀವಲ್ದರಿ. ಜೂನಿನಾಗ ಸಾಲಿ ಸುರು ಆದ ದಿನಾನ ತಪಾಸಣಿ ಸಾಹೇಬ್ರು ಬರ್ತಾರ. ಹಿಂದ ಕುಂತ ಹುಡುಗಿಗೆ ಕೇಳೂವಂಗ ಪಾಠ ಮಾಡಿದ್ರ ಸರಿ. ಇಲ್ಲಂದ್ರ ಹಸೀನಾ ಅಕ್ಕೋರನ್ನ ಕಚೇರಿಯೊಳಗ ಕಾಗದ ಜೋಡಸೂ ಕೆಲಸಕ್ಕ ಹಾಕ್ತಾರಂತ."

ಹಸೀನಾ ಅಳಲಿಲ್ಲ. ಚಹಾದ ಕಪ್ಪುಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು. ಶಂಕ್ರೆವ್ವನವರು ಹೋದಮೇಲೆ ಪಾಟಿ ತಂದು ನನ್ನ ತೊಡೆಯ ಮೇಲಿಟ್ಟಳು. "ಕಾಗದ ಒಲ್ಲೆ. ನನ್ನ ಹುಡುಗ್ಯಾರು ಬೇಕು." ಬಳಪ ಎಷ್ಟು ಒತ್ತಿ ಬರೆದಿದ್ದಳೆಂದರೆ ಅಳಿಸಿದ ಮೇಲೂ ಗೀರು ಉಳಿದಿದೆ.

ಕೋರ್ಟಿಗೆ ಮೇ ತಿಂಗಳು ರಜೆ. ಹಿಂದೆ ಎರಡು ರೇಡಿಯೋ ಕಟ್ಟಿದವನು ನಾನು. ಒಂದು ಹಾಡಿಯೂ ಇತ್ತು. ಅವಳ ಮುಂದೆ ಒಂದು ಮೈಕು, ಕ್ಲಾಸಿನ ಹಿಂದಿನ ಗೋಡೆಗೆ ಒಂದು ಸ್ಪೀಕರು, ನಡುವೆ ಒಂದು ಆಂಪ್ಲಿಫೈಯರ್. ಅವಳ ಉಸಿರನ್ನೇ ದೊಡ್ಡದು ಮಾಡಿದರಾಯಿತಲ್ಲ. ಇಷ್ಟು ಸುಲಭದ ಮಾತು ಯಾರಿಗೂ ಹೊಳೆಯಲಿಲ್ಲವೇ ಎಂದು ನನಗೆ ನನ್ನ ಮೇಲೆಯೇ ಪ್ರೀತಿ ಬಂತು.

ಮೇ 4. ಶನಿವಾರ

ಸಿದ್ಧೇಶ್ವರ ಗುಡಿಯ ಓಣಿಯಲ್ಲಿ ಅಮರಪ್ಪನ ರೇಡಿಯೋ ಅಂಗಡಿ. ಅಂಗಡಿ ಎಂದರೆ ಒಂದು ಸ್ಟೂಲು, ಒಂದು ಬಲ್ಬು, ಉಳಿದದ್ದೆಲ್ಲ ಸತ್ತ ರೇಡಿಯೋಗಳು. ಬೇಕಾದ್ದನ್ನೆಲ್ಲ ಅವುಗಳ ಹೊಟ್ಟೆಯಿಂದಲೇ ತೆಗೆದುಕೊಟ್ಟ. ಗಾಜಿನ ವಾಲ್ವುಗಳನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಕೈಗಿಟ್ಟು, "ಕುತುಬಸಾಬ್ರ, ಮಾಡೂದು ದೊಡ್ಡ ಮಾತಲ್ಲ. ಹಮ್ಮಿಂಗ್ ಬರ್ತೈತಲ್ಲ, ಅದನ್ನ ಹೊರಗ ಹಾಕೂದು ದೊಡ್ಡ ಮಾತು. ಅದು ಒಮ್ಮಿ ಒಳಗ ಬಂತಂದ್ರ ಬೀಗರಂಗ, ಎದ್ದ ಹೋಗೂದಿಲ್ಲ" ಎಂದ.

ನಕ್ಕೆ. ನನಗೇನು ಗೊತ್ತು.

ಮೇ 6. ಸೋಮವಾರ

ಇವತ್ತು ಮೊದಲ ಸಲ ಕರೆಂಟು ಕೊಟ್ಟೆ. ವಾಲ್ವುಗಳು ಕೆಂಪಗೆ ಕಣ್ಣು ಬಿಟ್ಟವು. ಹಸೀನಾ ಮೈಕಿನ ಮುಂದೆ ಕೂತಿದ್ದಳು, ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ. ಸ್ಪೀಕರಿನಿಂದ ಬಂದದ್ದು ಗುಂಯ್ ಎಂಬ ಸದ್ದು. ಅವಳು ತುಟಿ ಅಲ್ಲಾಡಿಸಿದಳು. ಗುಂಯ್. ಇನ್ನೊಮ್ಮೆ. ಗುಂಯ್. ಅವಳ ಉಸಿರನ್ನೆಲ್ಲ ಆ ಸದ್ದು ನುಂಗಿ ಕೂತಿತ್ತು.

ಅಮರಪ್ಪ ಹೇಳಿದ್ದ: ವಾಲ್ವಿಗೆ ಬೆಂಕಿ ಕೊಡುವ ಎರಡು ತಂತಿ ಬೇರೆಬೇರೆ ಹೋಗಬಾರದು, ಒಂದಕ್ಕೊಂದು ಹೆಣೆದುಕೊಂಡು ಹೋಗಬೇಕು. ನಾನು ಹೆಣೆದದ್ದು ಸಡಿಲವಾಗಿತ್ತು. ಹಸೀನಾ ನನ್ನ ಕೈಯಿಂದ ಕಸಿದುಕೊಂಡು ತಾನೇ ಹೆಣೆದಳು, ಹುಡುಗಿಯರ ಜಡೆ ಹಾಕಿ ರೂಢಿಯಾದ ಬೆರಳು. ಸದ್ದು ಒಂದು ಕೂದಲಿನಷ್ಟು ಇಳಿಯಿತು. ಅಷ್ಟೇ.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಅದನ್ನು ಚಾಲೂ ಇಟ್ಟು ನೆಲದ ಮೇಲೆ ಅಡ್ಡಾದೆ. ಚಿಕ್ಕವನಿದ್ದಾಗ ಅಮ್ಮನ ತವರು ಜೈನಾಪುರಕ್ಕೆ ಹೋದರೆ ಹೊಲದಂಚಿನ ತಾರಿನ ಕಂಬಕ್ಕೆ ಕಿವಿಯಿಟ್ಟು ನಿಲ್ಲುತ್ತಿದ್ದೆವು. ಕಂಬದೊಳಗೆ ಇದೇ ಸದ್ದು. ಯಾರೋ ದೂರದೂರಿನಲ್ಲಿ ಮಾತಾಡುತ್ತಿದ್ದಾರೆ, ಮಾತು ಇಲ್ಲಿಗೆ ಬರುವಷ್ಟರಲ್ಲಿ ಕರಗಿಹೋಗಿದೆ ಎಂದು ನಂಬಿದ್ದೆವು. ಈ ಊರಿನ ಸದ್ದುಗಳೆಲ್ಲ ಒಂದೊಂದಾಗಿ ಬಂದು ಇದರೊಳಗೆ ಕೂತ ಹಾಗೆ ಇವತ್ತು ಅನ್ನಿಸಿತು. ಹಿಟ್ಟಿನ ಗಿರಣಿ, ಕೋರ್ಟಿನ ಫ್ಯಾನು, ಗುಡಿಯ ಓಣಿಯ ಹೊಲಿಗೆ ಯಂತ್ರ. ಕಣ್ಣು ಹತ್ತಿದ್ದು ತಿಳಿಯಲಿಲ್ಲ.

ಮೇ 8. ಬುಧವಾರ

ರೈಲಿನವರ ಮುಷ್ಕರ ಇವತ್ತಿನಿಂದ. ಸೊಲ್ಲಾಪುರದಿಂದ ಬರಬೇಕಾದ, ಸದ್ದು ಸೋಸುವ ದೊಡ್ಡ ಕಂಡೆನ್ಸರ್ ಅಲ್ಲಿಯೇ ಉಳಿಯಿತು. ಹಳೆಯದರಲ್ಲೇ ನೂಕಬೇಕು.

ಸರ್ಕೀಟಿನ ನಕ್ಷೆ ಬರೆಯಲು ದೊಡ್ಡ ಹಾಳೆ ಇರಲಿಲ್ಲ. ಹಸೀನಾಳ ಪಾಟಿ ತೆಗೆದುಕೊಂಡು ಅದರ ಮೇಲೆ ಬರೆದೆ. ಚೆನ್ನಾಗಿ ಬಂದಿದೆ. ಯಾರೂ ಅಳಿಸಬಾರದೆಂದು ಗೋಡೆಯ ಮಾಡದಲ್ಲಿ ಎತ್ತಿ ಇಟ್ಟಿದ್ದೇನೆ.

ಮೇ 11. ಶನಿವಾರ

ಅಮರಪ್ಪ ಮನೆಗೆ ಬಂದು ಕೈಬೆರಳಿನಿಂದ ತಗಡಿನ ಪೆಟ್ಟಿಗೆಯನ್ನು ಮುಟ್ಟಿದ. ಮುಟ್ಟಿದೊಡನೆ ಸದ್ದು ಬದಲಾಯಿತು. "ಅರ್ಥಿಂಗ್ ಇಲ್ಲರಿ ಇದಕ್ಕ. ಸದ್ದಿಗೆ ನೆಲಕ್ಕ ಇಳ್ಯಾಕ ದಾರಿ ಕೊಡ್ರಿ, ತಾನ ಹೋಗ್ತೈತಿ. ನಳದ ಪೈಪಿಗೆ ಒಂದು ತಂತಿ ಕಟ್ರಿ ಸಾಕು" ಎಂದ.

ಅಂಗಳದ ನಳಕ್ಕೆ ತಂತಿ ಬಿಗಿದೆ. ಏನೂ ಆಗಲಿಲ್ಲ. ಗಟ್ಟಿ ಬಿಗಿದೆ, ಉಪ್ಪುಕಾಗದದಿಂದ ತುಕ್ಕು ತಿಕ್ಕಿದೆ, ಬೇರೆ ತಂತಿ ಹಾಕಿದೆ. ಗುಂಯ್ ತನ್ನ ಪಾಡಿಗೆ ತಾನು. ಕೊನೆಗೆ ಸಿಟ್ಟು ಬಂದು ನಳದ ಬುಡ ಅಗೆದೆ. ಒಂದು ಗೇಣು ಕೆಳಗೆ ಕಬ್ಬಿಣದ ಪೈಪು ಮುಗಿದು, ಬಾದಶಾಹಿ ಕಾಲದ ಸುಟ್ಟ ಮಣ್ಣಿನ ಕೊಳವೆ ಶುರುವಾಯಿತು! ಅಜ್ಜಂದಿರು ಯಾರೋ ಹಳೆಯ ಕೊಳವೆಗೆ ಹೊಸ ನಳದ ಮೂತಿ ಸಿಕ್ಕಿಸಿ ಗಾರೆ ಮೆತ್ತಿದ್ದಾರೆ. ಮಣ್ಣಿನ ಕೊಳವೆಯೊಳಗೆ ಕರೆಂಟು ಹೇಗೆ ಇಳಿದೀತು?

ಅಮ್ಮ ಇಣುಕಿ ನೋಡಿ, "ಲೇ ಕುತುಬ್ಯಾ, ಸತ್ತ ಬಾದಶಹಾಗಳು ನೀರು ಕೊಟ್ಟಾರ. ಕರೆಂಟೂ ಕೊಡಬೇಕೇನು ನಿನಗ?" ಎಂದಳು. ಹಸೀನಾ ಅವಳ ಹಿಂದೆ ನಿಂತು ಏನೋ ಹೇಳಿದಳು. ಇಬ್ಬರೂ ನಕ್ಕರು. ನನ್ನ ಬಗ್ಗೆಯೇ ಎಂಬುದು ತಿಳಿಯಿತು.

ಮೇ 13. ಸೋಮವಾರ

ಆಶ್ಚರ್ಯ.

ಬಚ್ಚಲ ಕಲ್ಲಿನ ಪಕ್ಕ ಒಂದು ಕಬ್ಬಿಣದ ಗೂಟ ಹೊಡೆದೆ. ಅಂಗಳವೆಲ್ಲ ಗಟ್ಟಿ ಮೊರಂ ಮಣ್ಣು, ಅಲ್ಲೊಂದೇ ಗೂಟ ಇಳಿಯಿತು. ತಂತಿ ಕಟ್ಟಿದೆ. ಸದ್ದು ಸ್ವಲ್ಪ ಇಳಿಯಿತು, ಹೆಚ್ಚೇನಿಲ್ಲ. ಬೇಸರವಾಗಿ ಹಾಗೆಯೇ ಚಾಲೂ ಬಿಟ್ಟು ಹೊರಗೆ ಕೂತೆ. ಅಸರ್ ನಮಾಜಿನ ಹೊತ್ತಾಯಿತು. ಅಮ್ಮ ಎದ್ದು ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು ಜಾನಮಾಜ್ ಹಾಸಿದಳು. ಅವಳು ಕೈಕಟ್ಟಿ ನಿಂತಳು, ಇತ್ತ ಗುಂಯ್ ಸದ್ದು ಮೆಲ್ಲಗೆ ಇಳಿಯತೊಡಗಿತು. ಅವಳು ಹಣೆ ನೆಲಕ್ಕೆ ಹಚ್ಚುವ ಹೊತ್ತಿಗೆ ಅದು ನೊಣದ ಸದ್ದಿನಷ್ಟಾಗಿತ್ತು. 

ಸಲಾಂ ಹೇಳಿ ತಿರುಗಿದ ಅಮ್ಮನಿಗೆ ಕೈಮಾಡಿ ವಿಷಯ ತಿಳಿಸಿದೆ. ಅವಳಿಗೇನೂ ಸೋಜಿಗವಾಗಲಿಲ್ಲ. "ನನ್ನ ಸೊಸಿ ದನಿಗಂತ ದುವಾ ಬೇಡಾಕತ್ತೇನಿ. ಅಲ್ಲಾಗ ಕೇಳಸ್ತೈತಪಾ, ಅವನೇನು ನಿನ್ನಂಗ ಮೂರ ಸಲ ಏನು ಅನ್ನೂದಿಲ್ಲ" ಎಂದಳು.

ಮೇ 14. ಮಂಗಳವಾರ

ಬೆಳಿಗ್ಗೆ ಸದ್ದು ಇಳಿದಿತ್ತು. ಹೊತ್ತು ಏರಿದಂತೆ ಏರಿತು. ಮಧ್ಯಾಹ್ನದ ಜೋಹರ್ ನಮಾಜು ಆದಮೇಲೆ ಮತ್ತೆ ಇಳಿಯಿತು.

ಮೇ 15. ಬುಧವಾರ

ಹಾಗೆಯೇ.

ಮೇ 16. ಗುರುವಾರ

ಅಮರಪ್ಪನಿಗೆ ಹೇಳಿದೆ. ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿದ. ಆಮೇಲೆ ಗುಡಿಯ ಕಡೆ ತಿರುಗಿ ಕೈಮುಗಿದ. "ನಂದೂ ಒಂದ ಇರ್ಲಿ, ಯಾವ ಲೈನ್ ಕೂಡ್ತೈತೋ ಏನೋ" ಎಂದ.

ಹಸೀನಾಗೆ ಈ ಮಾತು ಹೇಳಿದೆ. ನಗುವಾಗ ಅವಳ ಭುಜ ಮಾತ್ರ ಕುಣಿಯುತ್ತದೆ. "ಅಮರಪ್ಪಣ್ಣಗ ಒಂದೀಟು ಶೇಂಗಾ ಹೋಳಿಗಿ ಕೊಟ್ಟ ಬರ್ರಿ" ಎಂದಳು. ಕೊಟ್ಟು ಬಂದೆ. ಮಾಡದಲ್ಲಿಟ್ಟ ಪಾಟಿಯ ನಕ್ಷೆಯನ್ನು ಇನ್ನೂ ಯಾರೂ ಅಳಿಸಿಲ್ಲ.

ಮೇ 19. ರವಿವಾರ

ಮಧ್ಯಾಹ್ನ ಬಿದ್ದ ಕನಸು ಬರೆದಿಡುತ್ತೇನೆ, ಇಲ್ಲದಿದ್ದರೆ ಹೋಗಿಬಿಡುತ್ತದೆ.

ಹಸೀನಾಳ ತವರು ಕಳ್ಳಕವಟಗಿಯಲ್ಲಿ ಇಬ್ಬರೂ ಹೊಲದ ಬದುವಿನ ಮೇಲೆ ನಡೆಯುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. ಅವಳು ತಿರುಗದೆ ಏನೋ ಹೇಳುತ್ತ ಹೋಗುತ್ತಿದ್ದಳು. ಜೋಳ ತಲೆಯ ಮಟ್ಟಕ್ಕೆ ಬೆಳೆದಿತ್ತು. ನೆಲದೊಳಗಿಂದ ಗುಂಯ್ ಸದ್ದು ಬರುತ್ತಿತ್ತು, ಅಂಗಾಲಿಗೆ ತಾಗುತ್ತಿತ್ತು, ಹಿತವಾಗಿತ್ತು. ನಾನು "ಏನು?" ಎಂದೆ. ತೆನೆಗಳೆಲ್ಲ ನನ್ನ ಕಡೆ ತಿರುಗಿ "ಏನು?" ಎಂದವು. ಇನ್ನೊಮ್ಮೆ ಕೇಳಲು ಹೆದರಿಕೆಯಾಯಿತು. ಸುಮ್ಮನೆ ಅವಳ ಹಿಂದೆ ನಡೆದೆ. ಎಷ್ಟು ನಡೆದರೂ ಹೊಲ ಮುಗಿಯಲಿಲ್ಲ, ಅವಳ ಮಾತೂ ಮುಗಿಯಲಿಲ್ಲ. ಬಿಸಿಲು ಮಾತ್ರ ಹಾಲಿನ ಬಣ್ಣಕ್ಕೆ ಬರುತ್ತಿತ್ತು.

ಎಚ್ಚರಾದಾಗ ಹಸೀನಾ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತಿದ್ದಳು. "ಕನಸಿನ್ಯಾಗೂ ಏನು ಏನು ಅಂತೀರಲ್ರಿ, ಅಲ್ಲಿ ಯಾರು ಮಾತಾಡಾಕತ್ತಿದ್ರು?" ಎಂದಳು. ಯಾರೂ ಇಲ್ಲ ಎಂದೆ. ಯಾಕೆ ಹಾಗೆ ಅಂದೆನೋ.

ಮೇ 22. ಬುಧವಾರ

ಅಮ್ಮ ನಿನ್ನೆ ಜೈನಾಪುರಕ್ಕೆ ಹೋದಳು. ಅವಳ ತಮ್ಮನ ಮಗಳ ನಿಕಾಹ್. ಬಬಲೇಶ್ವರದ ಬಸ್ಸಿಗೆ ಹತ್ತಿಸುವಾಗ ಕಂಡಕ್ಟರನಿಗೆ, "ಕಿವಿ ಕೇಳೂದಿಲ್ಲಪಾ ನನಗ, ಊರು ಬಂದ್ರ ಮುಟ್ಟಿ ಹೇಳು" ಎಂದು ತಾಕೀತು ಮಾಡಿದಳು.

ಸದ್ದು ನಿನ್ನೆ ಸಂಜೆಯಿಂದ ಇಳಿದೇ ಇಲ್ಲ. ಇವತ್ತು ಜೋಹರ್ ಆಯಿತು, ಅಸರ್ ಆಯಿತು. ನಾನು ಮಸೀದಿಯಲ್ಲಿ ನಮಾಜು ಮಾಡಿ ಓಡೋಡಿ ಬಂದು ಕೇಳಿದೆ. ಮೊದಲಿಗಿಂತ ಜೋರು. ನನ್ನ ನಮಾಜಿಗೆ ಇಷ್ಟೇ ಬೆಲೆಯೇ ಎಂದು ಮನಸ್ಸಿಗೆ ಬಹಳ ನೋವಾಯಿತು. ರಾತ್ರಿ ಊಟ ಸೇರಲಿಲ್ಲ.

ಮೇ 23. ಗುರುವಾರ

ಬೆಳಿಗ್ಗೆ ಪೆಟ್ಟಿಗೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಹಸೀನಾ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಬೆನ್ನು ನನ್ನ ಕಡೆಗೆ. ಇದ್ದಕ್ಕಿದ್ದ ಹಾಗೆ ಸದ್ದು ಇಳಿಯಿತು. ನಾನು ತಲೆಯೆತ್ತಿದೆ. ಅವಳು ತಿರುಗದೆಯೇ ಕೇಳಿದಳು.

"ಇಳೀತೇನ್ರಿ?"

"ಇಳೀತು! ನೀನು ಏನು ಓದಿದಿ?"

"ಓದೂದು ಎಲ್ಲಿಂದ. ಒಂದು ಬಕೀಟು ನೀರು ಚೆಲ್ಲಿದೆ. ಅತ್ತಿ ಐದೂ ಹೊತ್ತು ವಜೂ ಮಾಡಿದ ನೀರು ಎಲ್ಲಿ ಬೀಳ್ತೈತಿ? ನಿಮ್ಮ ಗೂಟದ ಬುಡಕ್ಕನ. ನೆಲ ಹಸಿ ಆದ್ರ ಸದ್ದು ಇಳೀತೈತಿ, ಬಿಸಿಲಿಗೆ ಒಣಗಿದ್ರ ಏರ್ತೈತಿ. ನಿನ್ನೆ ರಾತ್ರಿ ನೀವು ಉಣ್ಣದ ಮಲಗಿದ್ರಲ್ಲ, ಆವಾಗ ಹೊಳೀತು. ಮಸೀದ್ಯಾಗ ವಜೂ ಮಾಡಿ ಬಂದ್ರ ನಮ್ಮ ಅಂಗಳ ಹೆಂಗ ತೋಯ್ತೈತಿ?"

ನಾನು ಗೂಟದ ಹತ್ತಿರ ಕೂತು ಮಣ್ಣು ಮುಟ್ಟಿ ನೋಡಿದೆ. ತಂಪಾಗಿತ್ತು. ಇಷ್ಟು ದಿನ ನನ್ನ ಕಣ್ಣೆದುರಿಗೇ ನೀರು ಬೀಳುತ್ತಿತ್ತು. ನಾನು ಅಮ್ಮನ ಹಣೆಯನ್ನು ನೋಡುತ್ತಿದ್ದೆ, ಕಾಲನ್ನು ನೋಡಲಿಲ್ಲ.

"ಅಮ್ಮನಿಗೆ ಹೇಳಬ್ಯಾಡ" ಎಂದೆ.

"ಯಾಕ ಹೇಳಬಾರದು? ಅತ್ತಿಗೆ ಮೊದಲ ಗೊತ್ತೈತಿ. ನೆಲ ತೋಯ್ಸೂದೂ ದುವಾನ ಅಂತಾರ ಅವರು" ಎಂದು ಇನ್ನೊಂದು ಬಕೀಟು ತುಂಬಲು ಎದ್ದಳು.

ಆಮೇಲೆ ಗೂಟದ ಸುತ್ತ ತಗ್ಗು ತೆಗೆದು ಇದ್ದಿಲು, ಉಪ್ಪು ತುಂಬಿದೆವು. ಒಂದು ತೂತಿನ ಗಡಿಗೆ ಹೂಳಿ ಅದರಲ್ಲಿ ನೀರು ತುಂಬಿಟ್ಟೆವು. ದಿನವೆಲ್ಲ ಹನಿಯುತ್ತಿರುತ್ತದೆ. ಗಡಿಗೆ ಹೂಳುವ ವಿಚಾರವೂ ಅವಳದೇ. ಅವಳ ತವರಿನಲ್ಲಿ ನಿಂಬೆ ಸಸಿಗೆ ಹೀಗೆ ಮಾಡುತ್ತಾರಂತೆ. ಸಸಿಯ ಮಾತಿನಿಂದ ಅವಳ ಅಪ್ಪನ ಮಾತು ಬಂತು, ಅಪ್ಪನಿಂದ ಬಾವಿಯ ಮಾತು. ಅವಳು ಈಜು ಬಲ್ಲಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ಚಿಕ್ಕವಳಿದ್ದಾಗ ತೋಟದ ಬಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ನೀರೊಳಗೆ ಮುಳುಗಿ ಕಣ್ಣು ತೆರೆದರೆ ಮೇಲೆ ಬಾವಿಯ ಬಾಯಿ ಹಸಿರು ನಾಣ್ಯದ ಹಾಗೆ ಕಾಣುತ್ತಿತ್ತಂತೆ. ಊಟ ತಡವಾಯಿತು.

ಮೇ 30. ಗುರುವಾರ

ಮುಷ್ಕರ ಮುಗಿದು ಕಂಡೆನ್ಸರ್ ಬಂತು. ಹಾಕಿದೆ. ಇನ್ನೂ ತಳದಲ್ಲಿ ಸಣ್ಣ ಸದ್ದೊಂದು ಉಳಿದಿತ್ತು. ಅಮರಪ್ಪ ಪೆಟ್ಟಿಗೆ ಮಗುಚಿ ನೋಡಿ ನಾಲಗೆ ಲೊಚಗುಟ್ಟಿದ. ಸುರಕ್ಷೆಗೆ ಇರಲಿ ಎಂದು ನಾನು ಸಿಕ್ಕ ಸಿಕ್ಕಲ್ಲಿ ತಂತಿಗಳನ್ನು ತಗಡಿಗೆ ಬೆಸೆದಿದ್ದೆ. ಮೈಕಿನದು ಒಂದು ಮೂಲೆಗೆ, ಸ್ಪೀಕರಿನದು ಇನ್ನೊಂದು ಮೂಲೆಗೆ, ಅರ್ಥಿಂಗ್ ಮತ್ತೊಂದು ಕಡೆ.

"ಹಿಂಗ ಹತ್ತ ಕಡಿ ಇಳಿಸಿದ್ರ ತಗಡಿನ್ಯಾಗನ ಸುತ್ತ ಹೊಡೀತೈತಿ ಸದ್ದು, ಹೊರಗ ಹೋಗೂದಿಲ್ಲ. ಎಲ್ಲಾ ತಂದು ಒಂದ ಬೋಲ್ಟಿಗೆ ಕಟ್ರಿ, ಅಲ್ಲಿಂದ ಒಂದ ತಂತಿ ಗೂಟಕ್ಕ" ಎಂದ.

ಎಲ್ಲ ಬಿಚ್ಚಿ ಮತ್ತೆ ಬೆಸೆಯಲು ಎರಡು ದಿನ ಬೇಕು. ಹಸೀನಾ ಪಕ್ಕದಲ್ಲಿ ಕೂತು ತಂತಿ ಹಿಡಿಯುತ್ತಾಳೆ. ಹಿಡಿದುಕೊಂಡೇ ಮಾತಾಡುತ್ತಾಳೆ. ನನ್ನ ಕಣ್ಣು ಬೆಸುಗೆಯ ಮೇಲಿರುವುದರಿಂದ ಅವಳ ಮುಖ ನೋಡಲು ಆಗುವುದಿಲ್ಲ. ಗಂಗವ್ವ ಎಂಬ ಹುಡುಗಿ ಗುಣಾಕಾರ ಬರದಿದ್ದರೆ ಕಿವಿ ಹಿಡಿದುಕೊಂಡು ತಾನೇ ಮೂಲೆಗೆ ಹೋಗಿ ನಿಲ್ಲುತ್ತಾಳಂತೆ, ಯಾರೂ ಹೇಳದೆಯೇ. ಮಾಸುಮಬಿ ಎಂಬುವಳಿಗೆ ಚಿತ್ರ ಬರೆಯುವ ಹುಚ್ಚು, ಆನೆಗೂ ಕೋಡು ಹಚ್ಚುತ್ತಾಳಂತೆ. ಈಗ ಅವರನ್ನೆಲ್ಲ ದಾರಿಯಲ್ಲಿ ಕಂಡರೂ ಗುರುತು ಹಿಡಿದೇನು.

ಜೂನ್ 1. ಶನಿವಾರ

ಸ್ವಿಚ್ಚು ಹಾಕಿದೆ. ವಾಲ್ವು ಕೆಂಪಾದವು. ಏನೂ ಇಲ್ಲ.

ಮೊದಲು ಕೆಟ್ಟೇ ಹೋಯಿತೆಂದುಕೊಂಡೆ. ಸ್ಪೀಕರಿಗೆ ಕಿವಿ ಹಚ್ಚಿದೆ. ಅಂಗಳದ ಗುಬ್ಬಿಯ ಸದ್ದು ಅದರಲ್ಲಿ ಕೇಳಿಸಿತು. ಇಷ್ಟು ದಿನ ಆ ಗುಂಯ್ ಒಳಗೆ ಬದುಕಿದವನಿಗೆ ಮನೆ ಬರಿದಾದ ಹಾಗೆ ಅನ್ನಿಸಿತು. ಅಮ್ಮ ಜೈನಾಪುರದಿಂದ ಬಂದಿದ್ದಾಳೆ, ಬಾಗಿಲಲ್ಲಿ ಕೂತಿದ್ದಳು.

ಹಸೀನಾ ಮೈಕಿನ ಮುಂದೆ ಕೂತಳು. ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡಳು. ಆಮೇಲೆ ಅವಳ ಉಸಿರು ಗೋಡೆಗೋಡೆಗೂ ತಾಗಿತು. "ಏನ್ರಿ, ಚಹಾ ಆರಾಕತ್ತೇತಿ."

ಅಮ್ಮ ಬೆಚ್ಚಿಬಿದ್ದು ಎದ್ದು ನಿಂತಳು. ಎಷ್ಟೋ ವರ್ಷದ ಮೇಲೆ, ಯಾರೂ ಕೂಗದೆಯೇ ಅವಳ ಕಿವಿಗೆ ಒಂದು ಮಾತು ಹೋಗಿತ್ತು. "ಯಾರ ಬೇ ಅದು? ನಮ್ಮ ಹಸೀನಾನ ದನಿ ಅಲ್ಲ ಅದು" ಎಂದಳು.

ನನಗೂ ಹಾಗೆಯೇ ಅನ್ನಿಸಿತ್ತು. ತಗಡಿನ ಡಬ್ಬಿಯೊಳಗಿಂದ ಬೇರೆ ಯಾರೋ ಹೆಂಗಸು ಮಾತಾಡಿದ ಹಾಗೆ. ಇದಕ್ಕಾಗಿಯೇ ಇಷ್ಟು ದುಡಿದೆನಲ್ಲ, ಕುಣಿದಾಡಬೇಕಿತ್ತು, ಯಾಕೋ ಮಂಕಾಯಿತು. ಹಸೀನಾ ಮಾತ್ರ ಕುಣಿದಳು. ಹಾಜರಿ ಪುಸ್ತಕದ ಹುಡುಗಿಯರ ಹೆಸರನ್ನೆಲ್ಲ ಮೈಕಿನಲ್ಲಿ ಕರೆದಳು, ಬೆಕ್ಕನ್ನು ಬೈದಳು, ಮಗ್ಗಿ ಹೇಳಿದಳು. ಆಮೇಲೆ ಮೈಕು ಬಿಟ್ಟು ಎದ್ದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಿಮಗ ಖುಷಿ ಆಗಿಲ್ಲೇನ್ರಿ? ಮುಖ ಯಾಕ ಹಂಗೈತಿ?" ಎಂದಳು. ಆಗಿದೆ ಎಂದೆ. ಈ ಮಾತು ಅವಳ ಧ್ವನಿಯಲ್ಲೇ ಇತ್ತು, ಅದಕ್ಕೋ ಏನೋ ಸಮಾಧಾನವಾಯಿತು.

ಜೂನ್ 8. ಶನಿವಾರ

ಕೋರ್ಟು ಶುರುವಾಗಿದೆ. ಸೋಮವಾರಕ್ಕೆ ರಜೆ ಬರೆದುಕೊಟ್ಟೆ.  ಟಿಕೋಟಾದ ನೆಲ ಹೇಗಿದೆಯೋ.

ಜೂನ್ 10. ಸೋಮವಾರ

ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೆ ಹೋದೆವು. ರೇಡಿಯೋ ಪಾಠಕ್ಕೆಂದು ಆ ಶಾಲೆಗೆ ಕರೆಂಟು ಬಂದಿದೆ, ಅದೊಂದು ಪುಣ್ಯ. ಗೂಟ ಎಲ್ಲಿ ಹೊಡೆಯಲಿ ಎಂದು ನಾನು ಅಂಗಳವೆಲ್ಲ ತಿರುಗುತ್ತಿದ್ದಾಗ ಹಸೀನಾ ಬಂದು ತೋರಿಸಿದಳು. "ಇಲ್ಲಿ ಹೊಡೀರಿ. ಹುಡುಗ್ಯಾರು ಪಾಟಿ ತೊಳಿಯೂ ಜಾಗ ಇದು." ಆದರೆ ರಜೆಯಲ್ಲಿ ಅದೂ ಬಿರುಕು ಬಿಟ್ಟಿತ್ತು. ಸ್ವಿಚ್ಚು ಹಾಕಿದೊಡನೆ ಆ ಹಳೆಯ ಗುಂಯ್ ಹಾಜರು. ಸಾಹೇಬರ ಜೀಪು ದೂರದಲ್ಲಿ ಕಾಣಿಸುತ್ತಿತ್ತು. ನಾನು ಗೂಟದ ತಂತಿಯನ್ನು ಬಿಚ್ಚಿ ಮತ್ತೆ ಬಿಗಿದೆ.

ಹಸೀನಾ ಗಾಬರಿಯಾಗಲಿಲ್ಲ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದಳು. ಒಬ್ಬೊಬ್ಬಳೂ ಕುಡಿಯುವ ನೀರಿನ ಗಡಿಗೆಯಿಂದ ಒಂದೊಂದು ಚರಿಗೆ ತಂದು ಗೂಟದ ಬುಡಕ್ಕೆ ಸುರಿದಳು. ಹಬ್ಬದ ದಿನ ಹುತ್ತಕ್ಕೆ ಹಾಲೆರೆಯುವವರ ಹಾಗೆ ಅಷ್ಟು ಜಾಗ್ರತೆಯಿಂದ ಸುರಿದರು, ಒಬ್ಬಿಬ್ಬರು ಕೈಯನ್ನೂ ಮುಗಿದರು. ಚರಿಗೆ ಚರಿಗೆಗೂ ಸದ್ದು ಇಳಿಯಿತು. ಕೊನೆಯ ಹುಡುಗಿ ಸುರಿದು ಹಿಂದೆ ಸರಿದಾಗ ಶಾಲೆಯೆಲ್ಲ ನಿಶ್ಶಬ್ದ.

ನಾನು ಕಿಟಕಿಯ ಹೊರಗೆ ಪೆಟ್ಟಿಗೆಯ ಪಕ್ಕ ಕೂತೆ. ಸಾಹೇಬರು ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡರು. ಹಸೀನಾ ಹಾಜರಿ ಕರೆದಳು. ಸ್ಪೀಕರಿನಿಂದ ಅವಳ ಪಿಸುಮಾತು ಹೊರಟಿತು: "ಗಂಗವ್ವಾ." ಹುಡುಗಿ ಎದ್ದು ನಿಂತು ಅಷ್ಟೇ ಪಿಸುದನಿಯಲ್ಲಿ "ಹಾಜರ್ರೀ" ಎಂದಳು. "ಮಾಸುಮಬಿ." "ಹಾಜರ್ರೀ," ಗಾಳಿಯಂತೆ. ಇಡೀ ಕ್ಲಾಸು ಹಾಗೆಯೇ. ಒಂದು ಹುಡುಗಿಯೂ ದನಿ ಎತ್ತಲಿಲ್ಲ.

ಸಾಹೇಬರು ಶಂಕ್ರೆವ್ವನವರ ಕಡೆ ಬಾಗಿದರು. "ಏನ್ರಿ ಇದು? ಹುಡುಗ್ಯಾರಿಗೂ ಗಂಟಲ ಹೋಗೇತೇನು?"

"ಅಕ್ಕೋರು ಸಣ್ಣ ದನ್ಯಾಗ ಕೇಳಿದ್ರಲ್ರಿ ಸಾಹೇಬ್ರ, ಅದಕ್ಕ ಅವೂ ಸಣ್ಣ ದನ್ಯಾಗ ಹೇಳಾಕತ್ತಾವ."

ಆಮೇಲೆ ಹಸೀನಾ ಡೋಣಿ ಹೊಳೆಯ ಪಾಠ ಮಾಡಿದಳು. ಅದರ ನೀರು ಯಾಕೆ ಉಪ್ಪು, ದಂಡೆಯ ಮಣ್ಣು ಯಾಕೆ ಅಷ್ಟು ಕಪ್ಪು. ಸಾಹೇಬರು ಮೊದಲು ಗಡಿಯಾರ ನೋಡುತ್ತಿದ್ದರು, ಬರಬರುತ್ತ ಮೊಣಕೈ ಮಂಡಿಗೆ ಊರಿ ಮುಂದೆ ಬಾಗಿ ಕೂತರು. ಪಾಠ ಮುಗಿದಾಗ ಅವರೂ ಪಿಸುದನಿಯಲ್ಲೇ, "ದೀಪಾವಳಿ ತನಕ ನಡೀಲಿ. ಆಮ್ಯಾಲ ಮತ್ತ ಬಂದು ನೋಡೂಣು" ಎಂದರು. ಹೊರಗೆ ಬಂದು ಜೀಪು ಹತ್ತುವಾಗ ಡ್ರೈವರನನ್ನು ಬೈದ ಮೇಲೆಯೇ ಅವರಿಗೆ ತಮ್ಮ ದನಿ ಮರಳಿ ಬಂದದ್ದು.

ನನಗೆ ಅಳು ಬಂತು. ಬಂದದ್ದನ್ನು ಬರೆದಿಡಲು ನಾಚಿಕೆಯೇನು.

ಪೆಟ್ಟಿಗೆಯನ್ನು ಶಂಕ್ರೆವ್ವನವರ ಕಪಾಟಿನಲ್ಲಿಟ್ಟು ಕೀಲಿ ಹಾಕಿ ಸಂಜೆಯ ಬಸ್ಸು ಹಿಡಿದೆವು. ಸಂತೆಯ ಮಂದಿಯಿಂದ ಬಸ್ಸು ಕಿಕ್ಕಿರಿದಿತ್ತು. ಕಿಟಕಿಗಳು ಗಡಗಡ, ಯಾರದೋ ಆಡಿನ ಮರಿ ಒಂದೇ ಸಮ ಅರಚುತ್ತಿತ್ತು, ಡ್ರೈವರು ಗೇರು ಹಾಕಿದಾಗಲೆಲ್ಲ ಕಾಲಕೆಳಗಿನ ತಗಡು ನಡುಗುತ್ತಿತ್ತು. ಹಸೀನಾ ಟಿಕೋಟಾ ಬಿಟ್ಟಲ್ಲಿಂದ ಮಾತಾಡುತ್ತಲೇ ಇದ್ದಳು. ಗಂಗವ್ವ ಒಂದು ಗೇಣು ಬೆಳೆದಿದ್ದಾಳೆ. ಶಂಕ್ರೆವ್ವನವರ ಕಣ್ಣಲ್ಲೂ ನೀರಿತ್ತು, ಕಸ ಬಿತ್ತೆಂದು ಸುಳ್ಳು ಹೇಳಿದರು. ಅಮ್ಮನಿಗೆ ಪೇಡೆ ಒಯ್ಯಬೇಕು, ಅಮರಪ್ಪಣ್ಣನಿಗೂ. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಹೊಲಗಳ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ಆಮೇಲೆ ಮೀರಜದ ಮಾತು ತೆಗೆದಳು.

"ಅವತ್ತ ಮುಂಜಾನೆ ನನ್ನ ಒಳಗ ಕರಕೊಂಡ ಹೋಗೂ ಮೊದಲ ನರ್ಸಬಾಯಿ ಅಂದ್ಲು, ದನಿ ಹೋದ್ರೂ ಹೋಗಬಹುದು, ಯಾರನ್ನರ ಕರೀಬೇಕಂದ್ರ ಈಗ ಕರದ ಬಿಡವಾ ಅಂತ. ನಾ ನಿಮ್ಮ ಹೆಸರು ಹಿಡದ ಕರದೆ. ಲಗ್ನ ಆದಾಗಿಂದ ಒಮ್ಮೆರ ಕರದೇನೇನ್ರಿ? ಅವತ್ತ ಕರದೆ. ಜೋರಾಗಿ ಕರದೆ. ನೀವು ಹೊರಗ ಬಾಕಿನ ಮ್ಯಾಲ ಕುಂತಲ್ಲೇ ನಿದ್ದಿ ಹೋಗಿದ್ರಿ."

 "ಎಬ್ಬಿಸಬೇಕಿತ್ತು" ಎಂದೆ.

"ಎಬ್ಬಸಾಕಂತನ ಕರದಿದ್ದೆ" ಎಂದಳು.

ಕಂಡಕ್ಟರ್ ಮಂದಿಯನ್ನು ಸರಿಸುತ್ತ ಬಂದ. ನಾನು ಆ ಕಡೆ ತಿರುಗಿ ಟಿಕೇಟಿಗೆಂದು ಜೇಬಿನಲ್ಲಿ ಕೈಯಾಡಿಸುತ್ತಿದ್ದೆ. ಆಡಿನ ಮರಿ ಅರಚುತ್ತಿತ್ತು, ಬಸ್ಸು ಏರು ಹತ್ತುತ್ತ ಗುಡುಗುತ್ತಿತ್ತು. ಆಗ ಹಸೀನಾ ನನ್ನ ಹೆಸರು ಕರೆದಳು. ಕುತುಬುದ್ದೀನ ಎಂದು, ಪೂರ್ತಿಯಾಗಿ.

"ಓ!" ಎಂದೆ.

ನನ್ನ ಕೂಗಿಗೆ ಕಂಡಕ್ಟರ್ ಬೆಚ್ಚಿ ಚಿಲ್ಲರೆ ಕೆಳಗೆ ಬೀಳಿಸಿದ. ಮುಂದಿನ ಸೀಟಿನವರೆಲ್ಲ ತಿರುಗಿ ನಮ್ಮಿಬ್ಬರನ್ನೂ ನೋಡಿದರು. ತುಂಬಿದ ಬಸ್ಸಿನಲ್ಲಿ ಗಂಡನ ಹೆಸರನ್ನು ಅಷ್ಟು ಜೋರಾಗಿ ಕರೆಯುವುದೇ ಎಂದು ನನಗೆ ಬಹಳ ನಾಚಿಕೆಯಾಯಿತು. ಆದರೂ ಇನ್ನೊಮ್ಮೆ ಕರೆದಾಳೇನೋ ಎಂದು ಊರು ಬರುವ ತನಕ ಕಾದು ಕೂತಿದ್ದೆ.